ಹಾಲಿಲ್ಲದ ಬೆಳಗಿನ ಲೋಟ

(ಹೊರರೋಗಿ ವಿಭಾಗದಲ್ಲಿ ರೋಗಿಗಳು ಹಾಗೂ ಅವರ ಕಡೆಯವರಿಗಾಗಿ ನೀಡಿದ ಆರೋಗ್ಯ ಶಿಕ್ಷಣ ಉಪನ್ಯಾಸದ ಬರಹ ರೂಪ)

ಕಡೂರು, ತರೀಕೆರೆ, ಅಜ್ಜಂಪುರ ಕಡೆಯಿಂದ ಮೊದಲ ಬಸ್ಸಿಗೇ ಬಂದವರು ಬಹಳ ಜನ ಕಾಣುತ್ತಿದ್ದೀರಿ. ಚೀಟಿಯ ನಂಬರು ಕೂಗಿದಾಗ ಸಂಕೋಚಪಡದೆ ಎದ್ದು ಹೋಗಿ, ನಾನೇನೂ ಬೇಸರ ಮಾಡಿಕೊಳ್ಳುವುದಿಲ್ಲ. ಅಷ್ಟು ಹೊತ್ತು ನನ್ನ ಮಾತು ಕೇಳಿ.

ಇವತ್ತಿನ ವಿಷಯ ಬೆಳಗಿನ ತಿಂಡಿಯ ಜೊತೆ ಕುಡಿಯುವ ಒಂದು ಪಾನೀಯ. ಅದಕ್ಕೆ ಹಾಲು ಹಾಕುವುದಿಲ್ಲ. ಹಣ್ಣು ಹಾಕುತ್ತೇವೆ, ಹಣ್ಣಿನ ಮರೆಯಲ್ಲಿ ಒಂದಿಷ್ಟು ತರಕಾರಿಯನ್ನೂ ಸೇರಿಸುತ್ತೇವೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಿಮ್ಮ ಮಕ್ಕಳು ಇದಕ್ಕೆ ಸ್ಮೂದಿ ಎನ್ನುತ್ತಾರೆ. ಹೆಸರು ಹೊಸದು, ಪದಾರ್ಥ ಹೊಸದಲ್ಲ. ಬಾಳೆಹಣ್ಣನ್ನು ಕಿವುಚಿ, ತೆಂಗಿನ ಹಾಲು, ಬೆಲ್ಲ, ಏಲಕ್ಕಿ ಹಾಕಿ ರಸಾಯನ ಮಾಡುವುದನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಅದನ್ನೇ ಸ್ವಲ್ಪ ತೆಳುವಾಗಿ, ಬೆಲ್ಲ ಬಿಟ್ಟು, ಹೊಟ್ಟೆ ತುಂಬುವ ಹಾಗೆ ಮಾಡುವುದು ಹೇಗೆಂದು ಹೇಳುತ್ತೇನೆ.

ಹಾಲು ಬೇಡವೆಂದು ಈ ಸೀಮೆಯ ಜನರ ಮುಂದೆ ನಿಂತು ಹೇಳುವುದಕ್ಕೆ ಸ್ವಲ್ಪ ಧೈರ್ಯ ಬೇಕು. ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದು ಕರೆಸಿಕೊಂಡ ಹಸುಗಳ ಮಂದೆಯೇ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂದಾಯಿತು. ಹೆಸರಿನಲ್ಲೇ ಬೆಣ್ಣೆಯೂ ಇದೆ, ಅಮೃತವೂ ಇದೆ. ಆದರೆ ಆ ದನಗಳು ಹೆಸರು ಮಾಡಿದ್ದು ಹಾಲಿಗಲ್ಲ, ದುಡಿಮೆಗೆ ಮತ್ತು ನಡಿಗೆಗೆ. ಹಸು ಕೊಡುವ ಹಾಲು ಕರುವಿಗಾದರೆ ಸಾಕು ಎನ್ನುವಷ್ಟು. ಇದನ್ನು ನನಗೆ ಹೇಳಿದ್ದು ಒಬ್ಬ ಅಜ್ಜಿ. ಆಕೆಯ ಮೊಮ್ಮಗನ ಕಾರಣದಿಂದಲೇ ನಾನು ಈ ಪಾನೀಯ ಮಾಡುವುದನ್ನು ಕಲಿತೆ. ಆ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ.

ಆಗ ನಾನು ಬೇರೊಂದು ಊರಿನ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದೆ. ಐದು ವರ್ಷದ ಹುಡುಗ. ಹಾಲು ಕುಡಿದರೆ ಮೈಮೇಲೆ ದದ್ದು ಏಳುತ್ತದೆ, ವಾಂತಿಯಾಗುತ್ತದೆ ಎಂದು ತಾಯಿ ಕರೆತಂದಿದ್ದರು. ವೈದ್ಯರು ಪರೀಕ್ಷಿಸಿ ಹಾಲಿನ ಅಲರ್ಜಿ ಎಂದು ತಿಳಿಸಿ, ಹಾಲು, ಮೊಸರು, ತುಪ್ಪ ಎಲ್ಲವನ್ನೂ ನಿಲ್ಲಿಸಲು ಹೇಳಿದರು. ತಾಯಿಗೆ ವಿವರಿಸುವ ಕೆಲಸ ನನ್ನದು. ನಾನು ಹೇಳಿದ್ದು ಒಂದೇ ಮಾತು: "ಹಾಲು ಬಂದ್ ಮಾಡಿ ಅಮ್ಮ." ಚೀಟಿಯಲ್ಲಿ ಬರೆದೂ ಕೊಟ್ಟೆ. ಅವರು ತಲೆಯಾಡಿಸಿ ಹೋದರು.

ಮೂರು ವಾರವಾಗಿರಬಹುದು. ಒಂದು ಬೆಳಿಗ್ಗೆ ಅದೇ ಹುಡುಗನನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದರು. ತುಟಿ ಊದಿತ್ತು, ಕಣ್ಣು ಮುಚ್ಚಿಹೋಗಿತ್ತು, ಉಸಿರು ಸುಯ್ ಸುಯ್ ಎನ್ನುತ್ತಿತ್ತು. ವೈದ್ಯರು ಕೂಡಲೇ ಇಂಜೆಕ್ಷನ್ ಕೊಟ್ಟರು, ಆಮ್ಲಜನಕ ಹಾಕಿದರು. ಮಗು ಉಳಿಯಿತು. "ಬೆಳಿಗ್ಗೆ ಏನು ಕೊಟ್ಟಿರಿ?" ಎಂದು ವೈದ್ಯರು ಮೂರು ಸಲ ಕೇಳಿದರು. ರಾಗಿ ಅಂಬಲಿ ಮಾತ್ರ ಎಂದು ತಾಯಿ ಆಣೆ ಮಾಡಿದರು. ಅಜ್ಜಿ ಮೂಲೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದರು, ಮಾತಿಲ್ಲ.

ಸ್ವಲ್ಪ ಹೊತ್ತಿನ ನಂತರ ನಾನು ನಲ್ಲಿಯ ಹತ್ತಿರ ಕೈತೊಳೆಯುತ್ತಿದ್ದಾಗ ಆ ಅಜ್ಜಿ ಹಿಂದೆ ಬಂದು ನಿಂತರು. "ಸಿಸ್ಟರ್, ಅಂಬ್ಲಿಗೆ ಅರ್ಧ ಲೋಟ ಹಾಲು ನಾನೇ ಹುಯ್ದಿದ್ದೆ ಕಣವ್ವ. ಎಮ್ಮೆ ಹಾಲು, ಏನೂ ಆಗಲ್ಲ ಅಂದ್ಕಂಡೆ. ಹುಡುಗ ಸೊರಗಿ ಹೋಗ್ತಿತ್ತು. ಹಾಲು ಬ್ಯಾಡ ಅಂದ್ರಿ, ಬದಲಿಗೆ ಏನು ಕೊಡ್ಲಿ ಅಂತ ಯಾರೂ ಹೇಳ್ಲಿಲ್ಲ."

ನನಗೆ ಉತ್ತರ ತೋಚಲಿಲ್ಲ. ಆಕೆ ಹೇಳಿದ್ದು ನಿಜ. ಏನು ಕೊಡಬಾರದೆಂದು ಹೇಳಿದ್ದೆ, ಏನು ಕೊಡಬೇಕೆಂದು ಹೇಳಿರಲಿಲ್ಲ. ಹೇಳಿದ್ದು ತಾಯಿಗೆ, ಒಲೆಯ ಮುಂದೆ ನಿಲ್ಲುವವರು ಅಜ್ಜಿ. ತಪ್ಪು ಆಕೆಯದೆಷ್ಟೋ ನನ್ನದೂ ಅಷ್ಟೇ. ಆ ದಿನದಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಆಹಾರದ ಮಾತು ಬಂದರೆ "ಮನೆಯಲ್ಲಿ ಅಡುಗೆ ಮಾಡುವವರು ಯಾರು? ಅವರು ಬಂದಿದ್ದಾರೆಯೇ?" ಎಂದು ಮೊದಲು ಕೇಳುತ್ತೇನೆ. ಹೀಗೆ ಕೇಳಿದಾಗ ಎಷ್ಟೋ ಸಲ ಹೊರಗೆ ಎಲೆ ಅಡಿಕೆ ಹಾಕಿಕೊಂಡು ಕೂತ ಅಜ್ಜಿಯೊಬ್ಬರು ಒಳಗೆ ಬರುತ್ತಾರೆ.

ಈಗ ಹಾಲು ಆಗದಿರುವುದು ಎಂದರೇನು ಎಂಬುದನ್ನು ನೋಡೋಣ. ಇದರಲ್ಲಿ ಎರಡು ಬಗೆ ಇದೆ. ಎರಡನ್ನೂ ಒಂದೇ ಎಂದು ತಿಳಿಯುವುದರಿಂದ ಬಹಳ ತೊಂದರೆಯಾಗುತ್ತದೆ.

ಮೊದಲನೆಯದು, ಹಾಲಿನ ಸಕ್ಕರೆ ಜೀರ್ಣವಾಗದಿರುವುದು. ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇರುತ್ತದೆ. ಅದನ್ನು ಒಡೆಯುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿ ತಯಾರಾಗುತ್ತದೆ. ಎಳೆಯ ಮಗುವಿನಲ್ಲಿ ಅದು ಧಾರಾಳವಾಗಿರುತ್ತದೆ, ದೊಡ್ಡವರಾದಂತೆ ಬಹಳ ಜನರಲ್ಲಿ ಕಡಿಮೆಯಾಗುತ್ತದೆ. ಪ್ರಪಂಚದ ವಯಸ್ಕರಲ್ಲಿ ಸುಮಾರು ಮೂರನೇ ಎರಡು ಭಾಗ ಜನರಿಗೆ ಹೀಗಾಗುತ್ತದೆಂದು ಅಂದಾಜು. ಇಂಥವರಿಗೆ ಹಾಲು ಕುಡಿದ ಒಂದೆರಡು ಗಂಟೆಯಲ್ಲಿ ಹೊಟ್ಟೆಯುಬ್ಬರ, ಗುಡುಗುಡು ಶಬ್ದ, ಭೇದಿ. ಜೋರು ಭೇದಿಯಾಗಿ ಎದ್ದ ಮಗುವಿಗೂ ಕೆಲವು ದಿನ ಹೀಗಾಗಬಹುದು, ಕರುಳಿನ ಒಳಪದರ ಚೇತರಿಸಿಕೊಂಡಂತೆ ಸರಿಹೋಗುತ್ತದೆ. ಇದು ಕಿರಿಕಿರಿ, ಆದರೆ ಪ್ರಾಣಾಪಾಯವಲ್ಲ. ಇವರಲ್ಲಿ ಅನೇಕರಿಗೆ ಮೊಸರು, ಮಜ್ಜಿಗೆ ಒಗ್ಗುತ್ತದೆ, ಸ್ವಲ್ಪ ಹಾಲು ಊಟದ ಜೊತೆ ಒಗ್ಗುವುದೂ ಉಂಟು.

ಎರಡನೆಯದು ಅಲರ್ಜಿ. ಇದು ಹಾಲಿನ ಸಕ್ಕರೆಗಲ್ಲ, ಹಾಲಿನ ಸಸಾರಜನಕಕ್ಕೆ, ಅಂದರೆ ಪ್ರೋಟೀನಿಗೆ, ಶರೀರ ತೋರಿಸುವ ವಿರೋಧ. ಇಲ್ಲಿ ಅಳತೆಯ ಮಾತೇ ಇಲ್ಲ. ಕೆಲವರಿಗೆ ಒಂದು ಚಮಚವೂ ಸಾಕು. ದದ್ದು, ತುಟಿ ಕಣ್ಣು ಊತ, ವಾಂತಿ, ಉಸಿರಾಟದ ತೊಂದರೆ, ಕೊನೆಗೆ ರಕ್ತದೊತ್ತಡ ಕುಸಿಯುವವರೆಗೆ ಹೋಗಬಹುದು. ಇಂಥವರಿಗೆ ಮೊಸರೂ ಬೇಡ, ಮಜ್ಜಿಗೆಯೂ ಬೇಡ, ಪೇಡವೂ ಬೇಡ. ತುಪ್ಪದಲ್ಲೂ ಸಸಾರಜನಕದ ಅಂಶ ಅಲ್ಪಸ್ವಲ್ಪ ಉಳಿದಿರುತ್ತದೆ. ಹಸುವಿನ ಹಾಲು ಆಗದವರಿಗೆ ಎಮ್ಮೆ ಹಾಲು, ಮೇಕೆ ಹಾಲು ಆಗುತ್ತದೆ ಎಂಬ ನಂಬಿಕೆ ಹಳ್ಳಿಗಳಲ್ಲಿ ಬಲವಾಗಿದೆ. ಅದು ಸರಿಯಲ್ಲ. ಮೂರೂ ಹಾಲಿನ ಸಸಾರಜನಕ ಹೆಚ್ಚುಕಡಿಮೆ ಒಂದೇ ತೆರನಾದುದು, ಒಂದಕ್ಕೆ ಆದದ್ದು ಇನ್ನೊಂದಕ್ಕೂ ಆಗುವ ಸಂಭವವೇ ಹೆಚ್ಚು. ಆ ಅಜ್ಜಿ ಎಡವಿದ್ದು ಇಲ್ಲಿಯೇ.

ಮಗುವಿಗೆ ತುಟಿ ಊದಿ ಉಸಿರು ಕಟ್ಟುವಂತಾದರೆ ಮನೆಮದ್ದು ಮಾಡುತ್ತ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಅಥವಾ ಸಿಕ್ಕ ವಾಹನದಲ್ಲಿ ಹತ್ತಿರದ ಆಸ್ಪತ್ರೆಗೆ ಹೊರಡಿ. ಬಾಯಿಗೆ ಏನನ್ನೂ ಹಾಕಬೇಡಿ. ಏನು ತಿಂದಿತ್ತೆಂಬುದನ್ನು ಮುಚ್ಚಿಡದೆ ಹೇಳಿ. ಯಾರ ಕೈಯಿಂದ ಆಯಿತೆಂದು ನಾವು ಕೇಳುವುದಿಲ್ಲ, ಏನಾಯಿತೆಂದು ಮಾತ್ರ ಕೇಳುತ್ತೇವೆ.

ಇನ್ನು ಅಡುಗೆಮನೆಗೆ ಹೋಗೋಣ.

ಎರಡು ಲೋಟಕ್ಕೆ ಅಳತೆ ಹೇಳುತ್ತೇನೆ. ಚೆನ್ನಾಗಿ ಹಣ್ಣಾದ ಏಲಕ್ಕಿ ಬಾಳೆಹಣ್ಣು ಎರಡು, ಪಚ್ಚಬಾಳೆಯಾದರೆ ಒಂದು. ಪರಂಗಿ ಹಣ್ಣಿನ ಹೋಳು ಒಂದು ಬಟ್ಟಲು. ಸಿಹಿಗುಂಬಳವನ್ನು ಸಿಪ್ಪೆ ತೆಗೆದು ಮೆತ್ತಗೆ ಬೇಯಿಸಿ ಆರಿಸಿದ್ದು ಅರ್ಧ ಬಟ್ಟಲು. ರಾಗಿ ಹುರಿಹಿಟ್ಟು ಎರಡು ದೊಡ್ಡ ಚಮಚ. ಹುರಿಗಡಲೆ ಪುಡಿ ಎರಡು ದೊಡ್ಡ ಚಮಚ. ಹುರಿದ ಎಳ್ಳಿನ ಪುಡಿ ಎರಡು ಸಣ್ಣ ಚಮಚ. ತೆಂಗಿನ ಹಾಲು ಒಂದು ಲೋಟ. ಏಲಕ್ಕಿ ಒಂದು, ನಿಂಬೆರಸ ನಾಲ್ಕು ಹನಿ. ಸಕ್ಕರೆ, ಬೆಲ್ಲ, ಜೇನು ಏನೂ ಬೇಡ, ಬಾಳೆಹಣ್ಣಿನ ಸಿಹಿಯೇ ಸಾಕು.

ತೆಂಗಿನ ಹಾಲಿಗೆ ಅರ್ಧ ಹೋಳು ಕಾಯಿ ತುರಿದು, ಒಂದು ಲೋಟ ಬೆಚ್ಚಗಿನ ನೀರು ಹಾಕಿ ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿ. ನೀರು ಕುದಿಸಿ ಆರಿಸಿದ್ದೇ ಆಗಬೇಕು. ಹಿಂಡಿ ಉಳಿದ ಕಾಯಿಯನ್ನು ಎಸೆಯಬೇಡಿ, ಪಲ್ಯಕ್ಕೆ ಆಗುತ್ತದೆ. ಕಡೂರು ತರೀಕೆರೆ ಕಡೆಯ ತೋಟದವರಿಗೆ ಕಾಯಿಯ ಚಿಂತೆಯಿಲ್ಲ. ಕೊಂಡು ತರುವವರಿಗೆ ಇದೆ. 2025ರಲ್ಲಿ ತೆಂಗಿನಕಾಯಿ ಬೆಲೆ ಏರಿದಾಗ ಒಬ್ಬ ತಾಯಿ, "ಸಿಸ್ಟರ್, ಹಾಲೇ ಅಗ್ಗ ಆಯ್ತಲ್ಲ" ಎಂದು ನಕ್ಕಿದ್ದರು. ಅಂಥವರು ಒಂದು ಹಿಡಿ ಕಡಲೆಕಾಯಿ ಬೀಜವನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ನುಣ್ಣಗೆ ರುಬ್ಬಿ, ಶೋಧಿಸಿ, ಒಂದು ಕುದಿ ಬರಿಸಿ ಆರಿಸಿ ಬಳಸಬಹುದು. ಕಡಲೆಕಾಯಿಗೂ ಅಲರ್ಜಿಯಿರುವವರು ಇದ್ದಾರೆ. ಹಾಲಿನ ಅಲರ್ಜಿ ಇರುವ ಮಗುವಿಗೆ ಎಳ್ಳಾಗಲಿ ಕಡಲೆಕಾಯಿಯಾಗಲಿ ಮೊದಲ ಸಲ ಕೊಡುವ ಮುನ್ನ ವೈದ್ಯರನ್ನು ಕೇಳಿ.

ರಾಗಿಯ ವಿಷಯದಲ್ಲಿ ಒಂದು ಎಚ್ಚರ. ಹುರಿಹಿಟ್ಟೆಂದರೆ ರಾಗಿಯನ್ನು ಅರಳು ಹುರಿದು ಬೀಸಿದ್ದು, ಅದನ್ನು ಹಾಗೆಯೇ ಕಲಸಬಹುದು. ಮುದ್ದೆಯ ಹಸಿ ಹಿಟ್ಟನ್ನು ಹಾಗೆ ಹಾಕಿದರೆ ಹೊಟ್ಟೆ ಕೆಡುತ್ತದೆ. ಹುರಿಹಿಟ್ಟು ಇಲ್ಲದಿದ್ದರೆ ಹಸಿ ಹಿಟ್ಟನ್ನು ನೀರಿನಲ್ಲಿ ಗಂಜಿ ಕಾಯಿಸಿ, ಆರಿಸಿ ಹಾಕಿ.

ಎಲ್ಲವನ್ನೂ ಮಿಕ್ಸಿಗೆ ಹಾಕಿ ನುಣ್ಣಗೆ ತಿರುಗಿಸಿ. ಸೋಸಬೇಡಿ. ಸೋಸಿದರೆ ನಾರು ಬಟ್ಟೆಯಲ್ಲಿ ಉಳಿಯುತ್ತದೆ, ಲೋಟಕ್ಕೆ ಸಿಹಿನೀರು ಬರುತ್ತದೆ. ಕರೆಂಟ್ ಇಲ್ಲವೆಂದರೆ ಪಾನೀಯ ಇಲ್ಲವೆಂದಲ್ಲ. ಬಾಳೆ, ಪರಂಗಿ, ಬೆಂದ ಕುಂಬಳ ಮೂರೂ ಮೆತ್ತಗಿನವು, ಕೈಯಲ್ಲಿ ಕಿವುಚಿ ಕಡೆಗೋಲಿನಲ್ಲಿ ಕಡೆದರೆ ಆಯಿತು. ತೆಂಗಿನ ಹಾಲನ್ನು ಒರಳಲ್ಲಿ ರುಬ್ಬಿ ತೆಗೆದ ಕೈಗಳು ಇಲ್ಲಿ ಎಷ್ಟೋ ಇವೆ.

ಮಾಡಿದ ಅರ್ಧ ಗಂಟೆಯೊಳಗೆ ಕುಡಿದುಬಿಡಿ. ತೆಂಗಿನ ಹಾಲು ಬೇಗ ಹುಳಿಯುತ್ತದೆ. ಬಾಟಲಿಗೆ ತುಂಬಿ ಶಾಲೆಗೆ ಕಳಿಸಬೇಡಿ, ರೋಗಿಗೆಂದು ಬೆಳಿಗ್ಗೆ ಮಾಡಿ ಮಧ್ಯಾಹ್ನದ ಬಸ್ಸಿಗೆ ವಾರ್ಡಿಗೆ ತರಬೇಡಿ. ಇದನ್ನು ಮತ್ತೆ ಮತ್ತೆ ಹೇಳಬೇಕಾಗಿ ಬಂದಿದೆ.

ತರಕಾರಿಯ ಆಯ್ಕೆಯಲ್ಲಿ ನನಗೆ ಪಾಠ ಕಲಿಸಿದ್ದು ಬಣ್ಣ. ಸಿಹಿಗುಂಬಳ, ಕ್ಯಾರೆಟ್ ಎರಡನ್ನೂ ಬೇಯಿಸಿ ಪರಂಗಿ ಅಥವಾ ಮಾವಿನ ಹಣ್ಣಿಗೆ ಸೇರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಎ ಜೀವಸತ್ವ ಕೊಡುವ ಹಳದಿ ಅಂಶ ಇವುಗಳಲ್ಲಿ ಹೇರಳ, ಅದು ಮೈಗೆ ಹತ್ತಲು ಸ್ವಲ್ಪ ಜಿಡ್ಡು ಬೇಕು, ಆ ಜಿಡ್ಡನ್ನು ತೆಂಗಿನ ಹಾಲು ಕೊಡುತ್ತದೆ. ಪಾಲಕ್ ಸೊಪ್ಪನ್ನು ಬಾಳೆಹಣ್ಣಿನ ಜೊತೆ ಹಾಕಿದರೆ ಗಿಳಿ ಹಸಿರು. ಅದೇ ಪಾಲಕ್ಕನ್ನು ಪರಂಗಿಯ ಜೊತೆ ಹಾಕಿದರೆ ಕೆರೆಯ ಕೆಸರು. ನನ್ನ ಮಗಳು ಆ ಲೋಟ ನೋಡಿ, "ಅಮ್ಮ, ಇದನ್ನ ನೀನೇ ಕುಡಿ" ಎಂದಿದ್ದಳು. ಕುಡಿದೆ, ಬೇರೆ ದಾರಿ ಇರಲಿಲ್ಲ. ಸೊಪ್ಪು ಯಾವುದಾದರೂ ಮೂರು ನಾಲ್ಕು ನೀರಿನಲ್ಲಿ ತೊಳೆದು, ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದು ಬಳಸಿ. ನುಗ್ಗೆಸೊಪ್ಪು ಬಹಳ ಒಳ್ಳೆಯದು, ಆದರೆ ಹತ್ತು ಹನ್ನೆರಡು ಎಲೆಗಿಂತ ಹೆಚ್ಚಾದರೆ ಕಹಿ ಎದ್ದು ಬರುತ್ತದೆ. ಅದನ್ನು ಸಾರಿಗೇ ಬಿಡುವುದು ಮೇಲು.

ಬೀಟ್‌ರೂಟ್ ಒಂದು ತುಂಡು ಸಾಕು, ಇಡೀ ಲೋಟ ಕೆಂಪಾಗುತ್ತದೆ. ಮಕ್ಕಳಿಗೆ ಆ ಬಣ್ಣ ಇಷ್ಟ. ಆದರೆ ಮರುದಿನ ಮೂತ್ರ ಅಥವಾ ಮಲ ಕೆಂಪಾಗಿ ಕಂಡರೆ ಗಾಬರಿಯಾಗಬೇಡಿ. ಒಬ್ಬ ತಾಯಿ ಮಗುವಿಗೆ ರಕ್ತ ಹೋಗುತ್ತಿದೆಯೆಂದು ಆಟೋದಲ್ಲಿ ಅಳುತ್ತ ಬಂದಿದ್ದರು. ನಿನ್ನೆ ಏನು ತಿಂದಿತ್ತು ಎಂದು ಕೇಳಿದ ಮೇಲೆ ಎಲ್ಲರೂ ನಕ್ಕೆವು. ಬೀಟ್‌ರೂಟ್ ತಿನ್ನದೆಯೂ ಕೆಂಪು ಕಂಡರೆ ಮಾತ್ರ ನಗುವ ವಿಷಯವಲ್ಲ, ಕೂಡಲೇ ಬನ್ನಿ.

ಒಂದು ತರಕಾರಿಯನ್ನು ಮಾತ್ರ ಹಸಿಯಾಗಿ ಇದಕ್ಕೆ ಹಾಕಲೇಬೇಡಿ: ಸೋರೆಕಾಯಿ. ಹಸಿ ಸೋರೆಕಾಯಿ ರಸ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಕುಡಿಯುವವರು ಇದ್ದಾರೆ. ಕೆಲವು ಸೋರೆಕಾಯಿ ಕಹಿಯಾಗಿರುತ್ತದೆ, ಆ ಕಹಿಯೇ ವಿಷ. ಅದನ್ನು ಕುಡಿದು ರಕ್ತವಾಂತಿಯಾದವರು, ಪ್ರಾಣ ಕಳೆದುಕೊಂಡವರು ನಮ್ಮ ದೇಶದಲ್ಲೇ ಇದ್ದಾರೆ. ಕಹಿ ಸೌತೆಕಾಯಿಯೂ ಇದೇ ಜಾತಿಯದು. ಹಿಂದಿನವರು ಸೌತೆ, ಹೀರೆ ಹೆಚ್ಚುವಾಗ ತುದಿ ಕತ್ತರಿಸಿ ನಾಲಿಗೆಗೆ ಮುಟ್ಟಿಸಿ ನೋಡುತ್ತಿದ್ದರು. ಅದನ್ನು ಬಿಡಬೇಡಿ. ಬಾಳೆಹಣ್ಣಿನ ಸಿಹಿಯಲ್ಲಿ ತರಕಾರಿಯನ್ನು ಅಡಗಿಸುವಾಗ ಅದರ ಕಹಿಯನ್ನೂ ಅಡಗಿಸುತ್ತೇವೆ. ನಾಲಿಗೆಗೆ ಎಚ್ಚರಿಕೆಯೇ ಸಿಗುವುದಿಲ್ಲ. ಆದ್ದರಿಂದ ಮಿಕ್ಸಿಗೆ ಹಾಕುವ ಮೊದಲು ಪ್ರತಿಯೊಂದು ತರಕಾರಿಯನ್ನೂ ಬಿಡಿಯಾಗಿ ರುಚಿ ನೋಡಿ, ಕಹಿಯಿದ್ದರೆ ತಿಪ್ಪೆಗೆ ಎಸೆಯಿರಿ.

ಇಲ್ಲಿ ಇನ್ನೊಂದು ಪ್ರಶ್ನೆ ಬರುತ್ತದೆ. ಮಕ್ಕಳಿಂದ ತರಕಾರಿಯನ್ನು ಮುಚ್ಚಿಡುವುದು ಸರಿಯೇ? ನಾನು ಮೊದಲು ಮುಚ್ಚಿಡುತ್ತಿದ್ದೆ, ಗೊತ್ತಾಗದ ಹಾಗೆ ಹಾಕಿದೆನೆಂದು ಹೆಮ್ಮೆಯನ್ನೂ ಪಡುತ್ತಿದ್ದೆ. ಆ ಅಜ್ಜಿಯನ್ನು ನೋಡಿದ ಮೇಲೆ ಅಭಿಪ್ರಾಯ ಬದಲಾಯಿತು. ಆಕೆಯೂ ಮಾಡಿದ್ದು ಅದನ್ನೇ ಅಲ್ಲವೇ? ಒಳ್ಳೆಯದಾಗಲೆಂದು ಪ್ರೀತಿಯಿಂದ ಲೋಟದಲ್ಲಿ ಒಂದು ಪದಾರ್ಥ ಅಡಗಿಸಿದರು. ಅಲರ್ಜಿ ಇರುವ ಮಗು ತನ್ನ ಲೋಟದಲ್ಲಿ ಏನಿದೆಯೆಂದು ಕೇಳುವುದನ್ನು ಕಲಿಯಬೇಕು. ಕೇಳಿದಾಗ ಮನೆಯವರು ನಿಜ ಹೇಳುತ್ತಾರೆಂಬ ನಂಬಿಕೆ ಅದಕ್ಕೆ ಇರಬೇಕು. ಹಾಗಾಗಿ ಈಗ ನಾನು ಹೇಳುವುದು ಹೀಗೆ: ಮೊದಲ ದಿನ ಒಂದು ಚಮಚ ಕುಂಬಳ ಹಾಕಿ ಕೊಡಿ, ಕುಡಿದ ಮೇಲೆ "ಇದರಲ್ಲಿ ಕುಂಬಳಕಾಯಿ ಇತ್ತು ಕಣೋ" ಎಂದು ಹೇಳಿಬಿಡಿ. ಮರುದಿನ ಎರಡು ಚಮಚ. ಸಾಧ್ಯವಾದರೆ ಮಿಕ್ಸಿಗೆ ಹಾಕುವ ಕೆಲಸ ಮಗುವಿಗೇ ಕೊಡಿ. ತಟ್ಟೆಯಲ್ಲೂ ಅದೇ ಕುಂಬಳದ ಪಲ್ಯ ಒಂದು ತುತ್ತು ಇರಲಿ. ಹೊಸ ರುಚಿ ಮಗುವಿಗೆ ಒಗ್ಗಲು ಎಂಟು ಹತ್ತು ಸಲವಾದರೂ ಬಾಯಿಗೆ ಬೀಳಬೇಕು, ಎರಡನೇ ಸಲಕ್ಕೇ "ನಮ್ಮ ಹುಡುಗನಿಗೆ ಆಗಲ್ಲ" ಎಂದು ತೀರ್ಮಾನ ಮಾಡಬೇಡಿ. ದಿನಕ್ಕೆ ಹಣ್ಣು ತರಕಾರಿ ಎರಡೂ ಸೇರಿ ಕನಿಷ್ಠ 400 ಗ್ರಾಂ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅದು ದೊಡ್ಡವರ ಲೆಕ್ಕ. ಆಲೂಗೆಡ್ಡೆ ಅದರಲ್ಲಿ ಸೇರುವುದಿಲ್ಲ. ಒಂದು ಲೋಟದಿಂದ ಅಷ್ಟೂ ಆಗುವುದಿಲ್ಲ.

ಹಾಗೆಯೇ, ಈ ಲೋಟ ಹಾಲಿಗೆ ಪೂರ್ತಿ ಬದಲಿ ಎಂದೂ ತಿಳಿಯಬೇಡಿ. ತೆಂಗಿನ ಹಾಲು ನೋಡಲು ಹಾಲಿನಂತಿದೆ, ಹೆಸರಿನಲ್ಲೂ ಹಾಲಿದೆ. ಆದರೆ ಅದರಲ್ಲಿ ಸುಣ್ಣದ ಅಂಶವೂ ಸಸಾರಜನಕವೂ ಬಹಳ ಕಡಿಮೆ, ಇರುವುದು ಹೆಚ್ಚಾಗಿ ಜಿಡ್ಡು. ಅದಕ್ಕಾಗಿಯೇ ರಾಗಿ, ಎಳ್ಳು, ಹುರಿಗಡಲೆ ಸೇರಿಸಿದ್ದು. ಒಂದು ಲೋಟ ಹಸುವಿನ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ನಮ್ಮ ಈ ಲೋಟದಲ್ಲಿ ಅದರ ಮೂರನೇ ಒಂದು ಭಾಗ ಸಿಕ್ಕರೆ ಹೆಚ್ಚು. ಉಳಿದದ್ದು ಊಟದಲ್ಲಿ ಬರಬೇಕು. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಇದೆ, ಅಂದರೆ ನಮ್ಮ ಮುದ್ದೆಯನ್ನು ಕಡೆಗಣಿಸುವಂತಿಲ್ಲ. ಬೇಳೆ, ಕಾಳು, ನುಗ್ಗೆಸೊಪ್ಪಿನ ಸಾರು ದಿನವೂ ಇರಲಿ.

ಸಸ್ಯಾಹಾರಿ ಮನೆಗಳಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಬಿ 12 ಎಂಬ ಜೀವಸತ್ವ ಸೊಪ್ಪು, ತರಕಾರಿ, ಕಾಳುಗಳಲ್ಲಿ ಸಿಗುವುದಿಲ್ಲ. ಮಾಂಸ, ಮೊಟ್ಟೆ ತಿನ್ನದ ನಮಗೆ ಅದು ಸಿಗುವುದು ಹಾಲು ಮೊಸರಿನಿಂದಲೇ. ಅದನ್ನೂ ಬಿಟ್ಟ ಮೇಲೆ ವರ್ಷ ಕಳೆದಂತೆ ರಕ್ತಹೀನತೆ, ಕೈಕಾಲು ಜೋಮು, ಮರೆವು ಕಾಣಿಸಬಹುದು. ಹಾಲು ಪೂರ್ತಿ ಬಿಟ್ಟಿರುವ ಮಕ್ಕಳಿಗೂ ದೊಡ್ಡವರಿಗೂ ಬಿ 12 ಮಾತ್ರೆ ಅಥವಾ ಹನಿ ಬೇಕೇ ಎಂದು ವೈದ್ಯರನ್ನು ಕೇಳಿ. ಮಗುವಿನ ತೂಕವನ್ನು ತಿಂಗಳಿಗೊಮ್ಮೆ ನೋಡಿಸಿ. ಹೊಟ್ಟೆಯುಬ್ಬರ ಬಂತೆಂದು ನೀವಾಗಿಯೇ ಮಗುವಿಗೆ ವರ್ಷಗಟ್ಟಲೆ ಹಾಲು ನಿಲ್ಲಿಸಬೇಡಿ. ಹಾಲಿನ ಅಲರ್ಜಿ ಬಹಳಷ್ಟು ಮಕ್ಕಳಲ್ಲಿ ಬೆಳೆಯುತ್ತ ಬೆಳೆಯುತ್ತ ತಾನೇ ಹೋಗುತ್ತದೆ. ಹೋಗಿದೆಯೇ ಎಂದು ನೋಡುವ ಜಾಗ ಆಸ್ಪತ್ರೆ, ಮನೆಯಲ್ಲ.

ಆರು ತಿಂಗಳೊಳಗಿನ ಕೂಸಿಗೆ ಇದ್ಯಾವುದೂ ಬೇಡ, ತಾಯಿಯ ಹಾಲೊಂದೇ. ಹಾಲಿನ ಅಲರ್ಜಿ ಎಂದೊಡನೆ ಎದೆಹಾಲು ಬಿಡಿಸುವುದನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ. ವರ್ಷದೊಳಗಿನ ಮಗುವಿಗೆ ಜೇನು ನೆಕ್ಕಿಸಬೇಡಿ.

ಇಲ್ಲಿ ಕೂತವರಲ್ಲಿ ಈ ಪಾನೀಯ ಕುಡಿಯಬಾರದವರೂ ಇದ್ದೀರಿ. ಕಿಡ್ನಿ ತೊಂದರೆ ಇರುವವರು, ಡಯಾಲಿಸಿಸ್‌ನಲ್ಲಿರುವವರು ಬಾಳೆಹಣ್ಣು, ಸೊಪ್ಪು, ಎಳನೀರು, ತೆಂಗಿನ ಹಾಲು ಇವುಗಳಲ್ಲಿರುವ ಪೊಟ್ಯಾಸಿಯಂನಿಂದ ಅಪಾಯಕ್ಕೆ ಸಿಕ್ಕಬಹುದು, ಹೃದಯದ ಬಡಿತವೇ ತಪ್ಪಬಹುದು. ವೈದ್ಯರು ಹೇಳದೆ ಒಂದು ಗುಟುಕೂ ಬೇಡ. ಕಿಡ್ನಿಯಲ್ಲಿ ಕಲ್ಲು ಇದ್ದವರಿಗೆ ಪಾಲಕ್, ಬೀಟ್‌ರೂಟ್ ಬೇಡ. ರಕ್ತ ತೆಳುವಾಗಲು ಮಾತ್ರೆ ನುಂಗುವ ಹೃದ್ರೋಗಿಗಳು ಸೊಪ್ಪಿನ ಪ್ರಮಾಣವನ್ನು ಇದ್ದಕ್ಕಿದ್ದಂತೆ ಹೆಚ್ಚಿಸಬಾರದು. ಕೆಲವು ಮಾತ್ರೆಗಳ ಕೆಲಸವನ್ನು ಸೊಪ್ಪಿನ ಕೆ ಜೀವಸತ್ವ ಕುಂದಿಸುತ್ತದೆ.

ಸಕ್ಕರೆ ಕಾಯಿಲೆಯವರು ಯಾವಾಗಲೂ ಕೇಳುತ್ತಾರೆ, "ಹಣ್ಣು ತಾನೇ, ಏನಾಗುತ್ತೆ?" ಹಲ್ಲಿನಲ್ಲಿ ಅಗಿದು ತಿಂದರೆ ಒಂದು ಬಾಳೆಹಣ್ಣಿಗೆ ಸಾಕೆನಿಸುತ್ತದೆ, ಲೋಟದಲ್ಲಿ ಎರಡು ಮೂರು ಹಣ್ಣು ಗೊತ್ತಾಗದೆ ಇಳಿಯುತ್ತವೆ. ಅವರಿಗೆ ನನ್ನ ಸಲಹೆ ಹಣ್ಣನ್ನು ಹಣ್ಣಾಗಿಯೇ ತಿನ್ನಿ ಎಂದು. ಕುಡಿಯಲೇಬೇಕೆಂದರೆ ಬಾಳೆಹಣ್ಣು ಬಿಟ್ಟು, ಸೀಬೆಹಣ್ಣು, ಕ್ಯಾರೆಟ್, ಹುರಿಗಡಲೆ ಹಾಕಿ ಅರ್ಧ ಲೋಟ, ಆ ಹೊತ್ತಿನ ಇಡ್ಲಿ ಅಥವಾ ರೊಟ್ಟಿಯಲ್ಲಿ ಒಂದನ್ನು ಕಡಿಮೆ ಮಾಡಿ. ಗರ್ಭಿಣಿಯರು ಪರಂಗಿ ಬೇಡವೆನಿಸಿದರೆ ಸಪೋಟ ಹಾಕಿಕೊಳ್ಳಿ, ಅತ್ತೆಯ ಜೊತೆ ಅದಕ್ಕಾಗಿ ವಾದ ಮಾಡುವುದು ಬೇಡ. ರಕ್ತ ಕಡಿಮೆ ಇರುವವರು ಕುಡಿದ ಕೂಡಲೇ ಕಾಫಿ, ಟೀ ಕುಡಿಯಬೇಡಿ, ಒಂದು ಗಂಟೆ ತಡೆಯಿರಿ. ನಿಂಬೆರಸ ಕಬ್ಬಿಣದ ಅಂಶ ಹೀರಲು ಸಹಾಯ ಮಾಡಿದರೆ ಕಾಫಿ, ಟೀ ಅದಕ್ಕೆ ಅಡ್ಡಿ ಮಾಡುತ್ತವೆ.

ಮನೆಯ ಹೊರಗಿನ ಹಾಲಿನ ಬಗ್ಗೆಯೂ ಹೇಳಬೇಕು. ಬಿಸ್ಕತ್ತು, ಬನ್ನು, ಚಾಕೊಲೇಟು, ಕೆಲವು ಹೆಲ್ತ್ ಪುಡಿಗಳಲ್ಲಿ ಹಾಲಿನ ಅಂಶ ಇರುತ್ತದೆ. 2020ರ ಲೇಬಲ್ ನಿಯಮದ ಪ್ರಕಾರ ಪೊಟ್ಟಣದ ಮೇಲೆ ಹಾಲು ಇದೆಯೆಂದು ಬರೆದಿರಬೇಕು. ಮಿಲ್ಕ್ ಸಾಲಿಡ್ಸ್, ವೇ, ಕೆಸೀನ್ ಎಂದು ಇದ್ದರೆ ಅದೆಲ್ಲ ಹಾಲೇ. ಇಂಗ್ಲಿಷ್ ಓದಲು ಬಾರದಿದ್ದರೆ ಪೊಟ್ಟಣವನ್ನು ಇಲ್ಲಿಗೆ ತನ್ನಿ, ಓದಿ ಹೇಳುತ್ತೇವೆ. ಇನ್ನು ಶಾಲೆ. 2013ರಲ್ಲಿ ಕ್ಷೀರಭಾಗ್ಯ ಯೋಜನೆ ಶುರುವಾದಾಗಿನಿಂದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳಿಗೆ ಬಿಸಿ ಹಾಲು ಕೊಡುತ್ತಿದ್ದಾರೆ, 2024ರಲ್ಲಿ ರಾಗಿ ಮಾಲ್ಟ್ ಕೂಡ ಬಂತು. ಬಡ ಮಕ್ಕಳಿಗೆ ಅದು ಬಹಳ ಒಳ್ಳೆಯದು. ಆದರೆ ಆ ರಾಗಿ ಮಾಲ್ಟನ್ನು ಕಲಸುವುದು ಹಾಲಿನಲ್ಲಿ. ರಾಗಿ ಎಂಬ ಹೆಸರು ನೋಡಿ ಮೋಸಹೋಗಬೇಡಿ. ಅಲರ್ಜಿಯಿರುವ ಮಗುವಿನ ವಿಷಯ ಮೇಷ್ಟ್ರಿಗೂ ಬಿಸಿಯೂಟ ಮಾಡುವ ಅಮ್ಮನಿಗೂ ಬಾಯಲ್ಲಿ ಹೇಳಿ, ವೈದ್ಯರ ಚೀಟಿಯನ್ನೂ ಕೊಟ್ಟು ಬನ್ನಿ. ಚೀಟಿ ನಾವು ಬರೆಸಿ ಕೊಡುತ್ತೇವೆ, ಅದಕ್ಕೆ ಹಣವಿಲ್ಲ.

ಆ ಹುಡುಗ ಆಸ್ಪತ್ರೆಯಲ್ಲಿ ಎರಡು ದಿನ ಇದ್ದ. ಹೊರಡುವ ದಿನ ಅಜ್ಜಿಯನ್ನು ನರ್ಸುಗಳ ಕೋಣೆಗೆ ಕರೆದು, ನಮ್ಮದೇ ಮಿಕ್ಸಿಯಲ್ಲಿ ಈ ಪಾನೀಯ ಮಾಡಲು ಹೋದೆ. ನಾನು ಓದಿದ್ದು ಪುಸ್ತಕದಿಂದ, ಅಳತೆ ತಪ್ಪಿ ಗಟ್ಟಿ ಮುದ್ದೆಯಂತಾಯಿತು. ಅಜ್ಜಿ ನೋಡಿ, "ಕಾಯಿ ಹಿಂಡಕ್ಕೆ ಬಿಸಿನೀರು ಹಾಕ್ಬೇಕು ಕಣವ್ವ, ತಣ್ಣೀರಲ್ಲಿ ಹಾಲು ಬಿಡಲ್ಲ" ಎಂದು ಸೀರೆ ಸೆರಗು ಸಿಕ್ಕಿಸಿಕೊಂಡು ತಾವೇ ಹಿಂಡಿದರು. ಹುರಿಹಿಟ್ಟು ಹಾಕುವುದನ್ನು ಹೇಳಿಕೊಟ್ಟದ್ದೂ ಆಕೆಯೇ. ಆಮೇಲೆ ಮೊಮ್ಮಗನನ್ನು ಕೂರಿಸಿಕೊಂಡು, ಲೋಟ ಕೈಗೆ ಕೊಡುವ ಮೊದಲು ಅದರಲ್ಲಿ ಏನೇನಿದೆ ಎಂದು ಒಂದೊಂದಾಗಿ ಬೆರಳು ಮಡಿಸಿ ಹೇಳಿದರು. ಅವನು "ಕುಂಬ್ಳಕಾಯಿ ಯಾಕೆ?" ಎಂದ. ಕುಡಿದು ಅರ್ಧ ಬಿಟ್ಟ. ಉಳಿದರ್ಧ ಅಜ್ಜಿ ಕುಡಿದರು.

ಈಗ ಕರೆಂಟ್ ಇದೆ, ಮೇಜಿನ ಮೇಲೆ ಎಲ್ಲ ಸಾಮಾನು ಸಿದ್ಧವಾಗಿದೆ. ಬೆಂದ ಕುಂಬಳ, ಪರಂಗಿ, ಹುರಿಹಿಟ್ಟು ನೀವೇ ನೋಡಬಹುದು. ಮನೆಯಲ್ಲಿ ಅಡುಗೆ ಮಾಡುವವರು ಮುಂದಿನ ಸಾಲಿಗೆ ಬನ್ನಿ, ಅಜ್ಜಿಯಂದಿರು ಮೊದಲು. ಸಕ್ಕರೆ ಕಾಯಿಲೆಯವರು, ಕಿಡ್ನಿ ರೋಗಿಗಳು, ಎಳ್ಳು ಕಡಲೆಕಾಯಿ ಆಗದವರು ರುಚಿ ನೋಡುವ ಮುನ್ನ ನನಗೆ ಒಂದು ಮಾತು ಹೇಳಿ. ಕಾಯಿ ಹಿಂಡಲು ಯಾರಾದರೂ ಒಬ್ಬರು ಕೈ ತೊಳೆದುಕೊಂಡು ಬರುತ್ತೀರಾ?